ಡಿಸ್ಕಿನೊಳಗೆ ಮೇಡಂ

ನಾನು ಐಟಿಯಲ್ಲಿದ್ದೇನೆ. ಈ ಮಾತು ಹೇಳುವಾಗ ಈಗಲೂ ನನಗೆ ಒಳಗೊಳಗೇ ಸಣ್ಣದೊಂದು ಅಳುಕು. ಸುಳ್ಳೇನಲ್ಲ, ಸಂಬಳ ಬರುವುದು ಅಲ್ಲಿಂದಲೇ. ಆದರೆ ಬೆಂಗಳೂರಿನಲ್ಲಿ ಆರು ವರ್ಷ, ಸಿಡ್ನಿಯಲ್ಲಿ ಎಂಟು ವರ್ಷ ಈ ಕ್ಷೇತ್ರದಲ್ಲಿ ದುಡಿದರೂ ಕಂಪ್ಯೂಟರಿನ ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡಿದವನಲ್ಲ ನಾನು. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಪರೀಕ್ಷೆ ಮಾಡಿದ್ದಾರೋ ಇಲ್ಲವೋ ಎಂದು ಮೂರನೆಯವರನ್ನು ಕೇಳುವುದು, ಅವರು ‘ಮಾಡಿದ್ದಾರೆ’ ಎಂದರೆ ಪಟ್ಟಿಯಲ್ಲಿ ಆ ಸಾಲಿಗೆ ಹಸಿರು ಬಣ್ಣ ತುಂಬುವುದು, ‘ಇಲ್ಲ’ ಎಂದರೆ ಕೆಂಪು ಬಣ್ಣ ತುಂಬಿ ಮೀಟಿಂಗ್ ಕರೆಯುವುದು, ಇಷ್ಟೇ ನನ್ನ ಉದ್ಯೋಗ. ಇದನ್ನು ನೆಂಟರಿಗೆ ಬಿಡಿಸಿ ಹೇಳಿದರೆ ‘ಅಷ್ಟೇನಾ?’ ಅನ್ನುತ್ತಾರೆ. ಆದ್ದರಿಂದ ಐಟಿ ಎಂದಷ್ಟೇ ಹೇಳಿ, ಮುಗುಳ್ನಕ್ಕು ಸುಮ್ಮನಾಗುವುದು ನನ್ನ ಪದ್ಧತಿ.

ಸುಮ್ಮನಾದರೆ ಬರುವ ತೊಂದರೆ ಏನೆಂದರೆ, ಜನ ನಂಬಿಬಿಡುತ್ತಾರೆ. ಸಿಡ್ನಿಯಲ್ಲಿ ನಾವಿರುವ ಎಪ್ಪಿಂಗ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಯಾರದಾದರೂ ಪ್ರಿಂಟರು ಕಾಗದ ಕಚ್ಚಿಕೊಂಡರೆ ನನಗೆ ಕರೆ. ಇಂಟರ್ನೆಟ್ಟು ಬರದಿದ್ದರೆ ನನಗೆ ಕರೆ. ಒಮ್ಮೆ ಒಬ್ಬ ಆಂಟಿ ವಾಷಿಂಗ್ ಮೆಷಿನ್ ತಿರುಗುತ್ತಿಲ್ಲ ಎಂದು ಕರೆದಿದ್ದರು, ಅದರಲ್ಲೂ ಏನೋ ಕಂಪ್ಯೂಟರ್ ಇರುತ್ತದಂತೆ. ನಾನು ಹೋಗುತ್ತೇನೆ, ಗಂಭೀರವಾಗಿ ನೋಡುತ್ತೇನೆ, ‘ಒಮ್ಮೆ ಆಫ್ ಮಾಡಿ ಆನ್ ಮಾಡೋಣ’ ಎನ್ನುತ್ತೇನೆ. ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ‘ಮಾಡೆಲ್ ಹಳೇದಾಯ್ತು’ ಎಂದು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಬರುತ್ತೇನೆ. ಮನೆಯಲ್ಲೂ ಇದೇ ಕಥೆ. ಗಂಡನಾದವನಿಗೆ ಸಂಸಾರದಲ್ಲಿ ಒಂದಾದರೂ ವಿಷಯದಲ್ಲಿ ಪಾಂಡಿತ್ಯ ಇರಬೇಕು. ಅಡುಗೆ, ಡ್ರೈವಿಂಗ್, ಮಗಳ ಶಾಲೆ, ನೆಂಟರ ಹುಟ್ಟುಹಬ್ಬದ ನೆನಪು, ಎಲ್ಲದರಲ್ಲೂ ನನ್ನ ಹೆಂಡತಿ ವಸುಧಾ ನನ್ನನ್ನು ಎಂದೋ ಹಿಂದೆ ಹಾಕಿದ್ದಳು. ಉಳಿದದ್ದು ಕಂಪ್ಯೂಟರ್ ಒಂದೇ. ಆ ಒಂದು ಪಾಂಡಿತ್ಯವನ್ನು ನಾನು ಬಹಳ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ.

ವಸುಧಾ ಮೈಸೂರಿನವಳು. ಒಂಟಿಕೊಪ್ಪಲಿನಲ್ಲಿ ರಂಗನಾಯಕಮ್ಮ ಎಂಬ ಸಂಗೀತದ ಮೇಡಂ ಹತ್ತಿರ ಹನ್ನೊಂದು ವರ್ಷ ಪಾಠ ಹೇಳಿಸಿಕೊಂಡವಳು. ಮೇಡಂ ದೊಡ್ಡ ಕಚೇರಿ ಮಾಡಿದವರಲ್ಲ, ರೇಡಿಯೋದಲ್ಲಿ ಹಾಡಿದವರೂ ಅಲ್ಲ. ನಡುಮನೆಯಲ್ಲಿ ಚಾಪೆ ಹಾಸಿ, ಶ್ರುತಿಪೆಟ್ಟಿಗೆ ಒತ್ತಿಕೊಂಡು, ಬೀದಿಯ ಅರ್ಧ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು. ವಸುಧಾ ಮದುವೆಯಾಗಿ ಇಲ್ಲಿಗೆ ಹೊರಟಾಗ ಅವರು ಮೂರು ತಿಂಗಳು ಪಟ್ಟಾಗಿ ಕೂತು ತಮಗೆ ಬರುತ್ತಿದ್ದುದನ್ನೆಲ್ಲ ಕ್ಯಾಸೆಟ್ಟಿಗೆ ಹಾಡಿಕೊಟ್ಟರು. ಒಟ್ಟು ನಲವತ್ತೆರಡು ಕ್ಯಾಸೆಟ್. ಒಂದೊಂದರ ಮೇಲೂ ಅವರದೇ ಕೈಬರಹದಲ್ಲಿ ರಾಗ, ತಾಳ. ಆ ಕ್ಯಾಸೆಟ್‌ಗಳನ್ನಿಟ್ಟುಕೊಂಡು ವಸುಧಾ ನಮ್ಮ ಹಾಲಿನಲ್ಲಿ ಪ್ರತಿ ಶನಿವಾರ ಆರು ಮಕ್ಕಳಿಗೆ ಪಾಠ ಶುರುಮಾಡಿದಳು. ಸಂಶಯ ಬಂದಾಗ ಒಂದು ಕ್ಯಾಸೆಟ್ ಹಾಕಿ ಕೇಳುವಳು, ಒಬ್ಬಳೇ ಇದ್ದಾಗಲೂ ಕೇಳುವಳು. ಎರಡು ವರ್ಷದ ಹಿಂದೆ ಮೇಡಂ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಆ ವಾರವೆಲ್ಲ ಮನೆಯಲ್ಲಿ ಕ್ಯಾಸೆಟ್ ಓಡುತ್ತಲೇ ಇತ್ತು. ಅವರಿಗೆ ಮಕ್ಕಳಿಲ್ಲ, ಬೇರೆ ಯಾರ ಹತ್ತಿರವೂ ಅವರು ಹಾಡಿದ್ದರ ರೆಕಾರ್ಡಿಂಗ್ ಇಲ್ಲ. ಅವರ ಸ್ವರ ಅಂತ ಈ ಭೂಮಿಯ ಮೇಲೆ ಉಳಿದಿದ್ದರೆ ನಮ್ಮ ಮನೆಯ ಆ ಪೆಟ್ಟಿಗೆಯಲ್ಲಿ ಮಾತ್ರ.

ಅಂಥ ಪೆಟ್ಟಿಗೆಗೆ ಕೈ ಹಾಕಿದವನು ನಾನು. ಕ್ಯಾಸೆಟ್ಟುಗಳಿಗೆ ವಯಸ್ಸಾಗುತ್ತಿತ್ತು, ಒಂದೆರಡು ಟೇಪು ಸಿಕ್ಕಿಕೊಂಡು ಪೆನ್ಸಿಲ್ ಹಾಕಿ ಸುತ್ತಿದ್ದೂ ಆಗಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಬಿಡೋಣ, ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದೆ. ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್ ತಂದೆ. ಯುಎಸ್‌ಬಿ ವಯರಿನಿಂದ ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ಬೇರೆ ಕರೆಂಟೂ ಬೇಡ. ಒಂದು ಇಡೀ ಚಳಿಗಾಲ, ವಾರಾಂತ್ಯಗಳಲ್ಲಿ ಒಂದೊಂದೇ ಕ್ಯಾಸೆಟ್ ಹಾಕಿ, ಹಳೆಯ ಡೆಸ್ಕ್‌ಟಾಪಿಗೆ ಸೇರಿಸಿ, ಅಲ್ಲಿಂದ ಡಿಸ್ಕಿಗೆ ಸಾಗಿಸಿದೆ. ನಲವತ್ತೆರಡೂ ಮುಗಿದ ದಿನ ವಸುಧಾ ನನಗೆಂದೇ ಮೈಸೂರು ಪಾಕ್ ಮಾಡಿದ್ದಳು. ಆಮೇಲೆ ಕೌನ್ಸಿಲ್‌ನವರ ಕ್ಲೀನಪ್ ಬಂತು. ಈ ಊರಿನಲ್ಲಿ ಮನೆಯ ಹಳೇ ಸಾಮಾನೆಲ್ಲ ರಸ್ತೆಯ ಬದಿಗೆ ತಂದಿಟ್ಟರೆ ಲಾರಿ ಬಂದು ಒಯ್ಯುತ್ತದೆ. ಹೊಸ ಲ್ಯಾಪ್‌ಟಾಪ್ ಬರುವುದಿತ್ತು, ಹಳೆಯ ಡೆಸ್ಕ್‌ಟಾಪ್ ಹೊರಗಿಟ್ಟೆ. ಜೊತೆಗೆ ಟೇಪ್ ರೆಕಾರ್ಡರ್. ಇನ್ನು ಟೇಪ್ ರೆಕಾರ್ಡರೇ ಇಲ್ಲದ ಮೇಲೆ ಕ್ಯಾಸೆಟ್ ಯಾಕೆ ಎಂದು ಅದನ್ನೂ. ವಸುಧಾ ಬಾಗಿಲಲ್ಲಿ ನಿಂತು ಒಂದು ಕ್ಷಣ ಹಿಂದೆಮುಂದೆ ನೋಡಿದಳು. ‘ಎಲ್ಲಾ ಅದರಲ್ಲಿ ಬಂದಿದೆ ತಾನೆ?’ ಎಂದು ಕೇಳಿದಳು. ಬಂದಿದೆ ಎಂದೆ. ‘ನೀವು ಹೇಳ್ತೀರಂದ್ರೆ ಸರಿ’ ಅಂದಳು. ಆ ತಿಂಗಳೇ ನಾನು ಆಫೀಸಿನಲ್ಲಿ, ಯಾವುದನ್ನೂ ಒಂದೇ ಕಡೆ ಇಡಬಾರದು, ಕನಿಷ್ಠ ಮೂರು ಪ್ರತಿ ಇರಬೇಕು ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ ಹೊಸ ಲ್ಯಾಪ್‌ಟಾಪಿಗೆ ಡಿಸ್ಕ್ ಚುಚ್ಚಿದೆ. ವಿಜಯದಶಮಿಗೆ ಮಕ್ಕಳಿಗೆ ಹೊಸ ಪಾಠ ಶುರುಮಾಡುವುದು ವಸುಧಾಳ ನಿಯಮ. ಆ ವರ್ಷ ಕಲ್ಯಾಣಿಯಲ್ಲಿ ಒಂದು ದೇವರನಾಮ ಎಂದು ನಿರ್ಧಾರವಾಗಿತ್ತು, ಮೇಡಂ ಅದನ್ನು ಹಾಡುತ್ತಿದ್ದ ರೀತಿಯೇ, ಸಂಗೀತದವರು ಹೇಳುವ ಪಾಠಾಂತರವೇ, ಬೇರೆಯಂತೆ. ಅದನ್ನೊಮ್ಮೆ ಹಾಕಿಕೊಡಿ ಎಂದಿದ್ದಳು. ಡಿಸ್ಕಿನ ಸಣ್ಣ ದೀಪ ಹತ್ತಿತು. ಒಳಗಿನಿಂದ ಟಿಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಿಕ್, ಟಿಕ್. ಲ್ಯಾಪ್‌ಟಾಪಿನ ಮೂಲೆಯಲ್ಲಿ ಹಳದಿ ಚೀಟಿಯೊಂದು ಎದ್ದು, ನೀವು ಚುಚ್ಚಿರುವ ವಸ್ತು ಯಾವುದೆಂದು ನನಗೆ ಗುರುತು ಹತ್ತುತ್ತಿಲ್ಲ ಎಂದು ಸೌಜನ್ಯದಿಂದಲೇ ತಿಳಿಸಿತು. ತೆಗೆದು ಇನ್ನೊಂದು ತೂತಿಗೆ ಹಾಕಿದೆ. ಗುರುತಿಲ್ಲ. ಆಫ್ ಮಾಡಿ ಆನ್ ಮಾಡಿದೆ. ಗುರುತಿಲ್ಲ. ನನ್ನ ಒಟ್ಟು ಐಟಿ ಜ್ಞಾನ ಅಲ್ಲಿಗೆ ಮುಗಿಯಿತು.

ಅಡುಗೆಮನೆಯಿಂದ ವಸುಧಾ ‘ಸಿಕ್ತಾ?’ ಎಂದಳು. ಅಪ್‌ಡೇಟ್ ಆಗುತ್ತಿದೆ ಎಂದೆ. ನಮ್ಮ ವೃತ್ತಿಯವರಿಗೆ ಇದಕ್ಕಿಂತ ಉಪಕಾರಿಯಾದ ಶಬ್ದ ಇನ್ನೊಂದಿಲ್ಲ. ಎಷ್ಟು ಹೊತ್ತು, ಯಾಕೆ, ಯಾವುದು ಎಂದು ಯಾರೂ ಕೇಳುವುದಿಲ್ಲ. ಆ ಅಪ್‌ಡೇಟು ಭಾನುವಾರ ಶುರುವಾಗಿ ಗುರುವಾರದವರೆಗೂ ನಡೆಯಿತು. ಸಂಜೆ ಆಫೀಸಿನಿಂದ ಬಂದವನೇ ರೂಮಿನ ಬಾಗಿಲು ಹಾಕಿಕೊಂಡು ಡಿಸ್ಕ್ ಚುಚ್ಚುವುದು, ತೆಗೆಯುವುದು, ಕಿವಿಗಿಟ್ಟುಕೊಂಡು ಟಿಕ್ ಟಿಕ್ ಕೇಳುವುದು. ಬಟ್ಟೆಯಿಂದ ಒರೆಸಿದೆ. ತಲೆಕೆಳಗು ಮಾಡಿ ಚುಚ್ಚಿದೆ. ನಮ್ಮ ಮಗಳು ಮೇಘಾಗೆ ಆಗ ಏಳು ವರ್ಷ, ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ಬಾಗಿಲು ತೆಗೆದು ನೋಡಿ, ‘ಡ್ಯಾಡ್, ಆರ್ ಯು ಪ್ರೇಯಿಂಗ್?’ ಎಂದಳು. ಹೌದು ಎಂದೆ, ಅದು ಸುಳ್ಳಾಗಿರಲಿಲ್ಲ. ರಸ್ತೆಬದಿಗೆ ಇಟ್ಟ ಆ ನಲವತ್ತೆರಡು ಕ್ಯಾಸೆಟ್ಟುಗಳು ಊಟದಲ್ಲಿ, ರೈಲಿನಲ್ಲಿ, ಮೀಟಿಂಗಿನಲ್ಲಿ ಕಣ್ಣ ಮುಂದೆ ಬರುತ್ತಿದ್ದವು.

ಗುರುವಾರ ಪಾಟೀಲರನ್ನು ಮನೆಗೆ ಕರೆದೆ. ನಮ್ಮ ಮೇಲಿನ ಮಹಡಿಯಲ್ಲಿರುವ ಹುಬ್ಬಳ್ಳಿಯವರು, ಅವರ ಮಗಳು ಶ್ರೇಯಾ ವಸುಧಾಳ ಆರು ಶಿಷ್ಯೆಯರಲ್ಲಿ ಒಬ್ಬಳು. ಅವರೂ ಐಟಿಯಲ್ಲಿದ್ದಾರೆ. ಡಿಸ್ಕನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, ಹಿಂದೆ ಮುಂದೆ ತಿರುಗಿಸಿ, ಗಂಭೀರವಾಗಿ ‘ಒಮ್ಮೆ ಆಫ್ ಮಾಡಿ ಆನ್ ಮಾಡೂಣ್ರಿ’ ಎಂದರು. ಆಗ ನನಗೆ ಅವರ ಬಗ್ಗೆ ಒಂದು ಸತ್ಯ ಹೊಳೆಯಿತು. ಅವರಿಗೂ ನನ್ನ ಬಗ್ಗೆ ಹೊಳೆದಿರಬೇಕು. ಸಿಡ್ನಿಯಲ್ಲಿರುವ ಕನ್ನಡಿಗರಲ್ಲಿ ಕಲ್ಲೆಸೆದರೆ ಐಟಿಯವನಿಗೇ ಬೀಳುತ್ತದೆ, ಆದರೆ ಕೆಟ್ಟ ಒಂದು ಡಿಸ್ಕ್ ಸರಿಮಾಡುವ ಒಬ್ಬನೂ ಅದರಲ್ಲಿಲ್ಲ. ಕೊನೆಗೆ ಪಾಟೀಲರು ಮೀಸೆ ತಿರುವಿ, ತಗ್ಗಿದ ದನಿಯಲ್ಲಿ ಒಂದು ಉಪಾಯ ಹೇಳಿದರು. ‘ಸರ, ಒಂದ್ ಸಲ ಫ್ರೀಜರ್‌ನ್ಯಾಗ ಇಟ್ಟ ನೋಡ್ರಿ. ನಮ್ಮ ಆಫೀಸಿನ್ಯಾಗ ಒಬ್ಬಾಂವ ಹಂಗ ಮಾಡಿದ್ನಂತ, ಮರುದಿನಾ ಚಾಲೂ ಆತಂತ.’ ಇಂಟರ್ನೆಟ್ಟಿನಲ್ಲೂ ಹಾಗೆ ಬರೆದಿದ್ದಾರೆ ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಅವರು ಹೋದ ಮೇಲೆ ಡಿಸ್ಕನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹೋಗದಂತೆ ಬಾಯಿ ಒತ್ತಿ, ಫ್ರೀಜರಿನಲ್ಲಿ ಕಾಯಿತುರಿಯ ಪ್ಯಾಕೆಟ್ಟುಗಳ ಹಿಂದೆ ಇಟ್ಟೆ.

ಇಷ್ಟೆಲ್ಲ ಆಗುವಾಗ, ನಿಜವಾಗಿ ಈ ವಿದ್ಯೆ ಬಲ್ಲವನೊಬ್ಬ ನಮ್ಮ ಬಳಗದಲ್ಲೇ ಇದ್ದ ಎಂಬುದನ್ನು ಒಪ್ಪಿಕೊಳ್ಳಬೇಕು. ಅವನು ವಸುಧಾಳ ತಮ್ಮ, ಹೆಸರು ಗುರು. ಅಡುಗೆಯ ಕೋರ್ಸ್ ಮಾಡುತ್ತೇನೆಂದು ಮೆಲ್ಬರ್ನಿಗೆ ಬಂದವನು, ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಾ ಓದು ಮುಗಿಸಿದವನು. ಪಕ್ಕದಲ್ಲಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಬಿಡುವಿನ ವೇಳೆ ಕೂತೂ ಕೂತೂ ಆ ಕೆಲಸ ಕಲಿತ. ಪಿಆರ್, ಅಂದರೆ ಈ ದೇಶದಲ್ಲಿ ಕಾಯಂ ಇರುವ ಪರವಾನಗಿ, ಆದ ಮೇಲೆ ಆ ಅಂಗಡಿಗೇ ಸೇರಿಕೊಂಡ, ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್‌ನಲ್ಲಿ ಮನೆಯನ್ನೂ ಮಾಡಿದ. ಅವನು ಓದುತ್ತಿದ್ದಾಗ ನಾನು ಫೋನಿನಲ್ಲಿ ಬಹಳ ಬುದ್ಧಿ ಹೇಳಿದ್ದೆ. ಇದೆಲ್ಲ ಬಿಡೋ, ಏನಾದರೂ ಐಟಿ ಮಾಡು, ನನ್ನ ಹಾಗೆ ಸೆಟ್ಲ್ ಆಗು ಎಂದಿದ್ದೆ. ಪಾಪ, ಅವನು ಪ್ರತಿ ಸಲ ‘ಹೂಂ ಭಾವ’ ಅನ್ನುತ್ತಿದ್ದ. ಈಗ ಅವನಿಗೆ ಫೋನ್ ಮಾಡಿ, ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ ಏನು ಮಾಡಲಿ ಎಂದು ಯಾವ ಬಾಯಿಯಲ್ಲಿ ಕೇಳಲಿ? ಹಾಗಾಗಿ ಫೋನ್ ಮಾಡುವ ಬದಲು ಕಾಯಿತುರಿಯ ಹಿಂದೆ ಇಡುವುದೇ ಮರ್ಯಾದೆಯೆಂದು ನನಗೆ ಕಂಡಿತ್ತು.

ಮಾರನೆಯ ಬೆಳಿಗ್ಗೆ ವಸುಧಾ ಚಟ್ನಿಗೆ ಕಾಯಿತುರಿ ತೆಗೆಯಲು ಹೋದಳು. ನಾನು ಶೂ ಲೇಸ್ ಕಟ್ಟುತ್ತಿದ್ದೆ. ಅಡುಗೆಮನೆಯಲ್ಲಿ ಸದ್ದೇ ಇಲ್ಲ. ಹೋಗಿ ನೋಡಿದರೆ ಮಂಜು ಹಿಡಿದ ಚೀಲವನ್ನು ಅಂಗೈ ಮೇಲಿಟ್ಟುಕೊಂಡು ನಿಂತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಟಿಕ್ ಟಿಕ್, ಅಪ್‌ಡೇಟ್, ಪಾಟೀಲರು, ಒಂದನ್ನೂ ಬಿಡಲಿಲ್ಲ. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದು ಕೂತಳು. ಚೀಲವನ್ನು ಸೆರಗಿನಲ್ಲಿ ಒರೆಸಿದಳು.

‘ರೀ, ಮೇಡಂ ನಮಗೆ ಒಂದಿನಾನೂ ಐಸ್‌ಕ್ರೀಮ್ ತಿನ್ನಕ್ಕೆ ಬಿಟ್ಟೋರಲ್ಲ. ಗಂಟಲು ಕೆಡತ್ತೆ ಅಂತ ಮೇ ತಿಂಗಳಲ್ಲೂ ಬಿಸಿನೀರೇ ಕುಡಿತಿದ್ರು. ಅವರನ್ನ ತಗೊಂಡೋಗಿ ಫ್ರೀಜರ್‌ನಲ್ಲಿ ಇಟ್ಟಿದೀರಲ್ಲ.’

ನಗು ಬರಬೇಕಾದ ಮಾತು. ಹೇಳಿದವಳ ಕಣ್ಣಲ್ಲಿ ನೀರಿತ್ತು. ಅವಳು ಡಿಸ್ಕ್ ಎನ್ನಲಿಲ್ಲ, ಕ್ಯಾಸೆಟ್ ಎನ್ನಲಿಲ್ಲ, ನಾನು ಹೊರಗೆ ಹಾಕಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹದಿನಾಲ್ಕು ವರ್ಷ ಐಟಿಯಲ್ಲಿದ್ದವನಿಗೆ ಆ ಡಬ್ಬಿಯೊಳಗೆ ಏನಿದೆ ಎಂಬುದು ಅವತ್ತೇ ಮೊದಲ ಸಲ ಸರಿಯಾಗಿ ಅರ್ಥವಾದದ್ದು. ನಾನು ಅವಳ ಪಕ್ಕ ಕೂತು ತಪ್ಪಾಯಿತು ಎಂದೆ. ಅವಳು ಮೂಗೊರೆಸಿಕೊಂಡು ಎದ್ದು, ಫೋನ್ ತೆಗೆದುಕೊಂಡು, ತಮ್ಮನ ನಂಬರ್ ಒತ್ತಿದಳು.

ಗುರು ಎಲ್ಲ ಕೇಳಿಸಿಕೊಂಡ. ಫ್ರೀಜರಿನ ಭಾಗಕ್ಕೆ ಬಂದಾಗ ಮಾತ್ರ ಫೋನನ್ನು ದೂರ ಹಿಡಿದು ನಕ್ಕಿರಬೇಕು. ಆಮೇಲೆ ಫೋನನ್ನು ಭಾವನಿಗೆ ಕೊಡು ಎಂದ. ಚೀಲ ಬಿಚ್ಚಬೇಡಿ, ಅದು ತಾನಾಗಿ ರೂಮಿನ ಬಿಸಿಗೆ ಬರಲಿ, ಒಂದು ದಿನ ಒಣಗಲಿ, ಯಾವ ಕಾರಣಕ್ಕೂ ಮತ್ತೆ ಚುಚ್ಚಬೇಡಿ ಎಂದು ಡಾಕ್ಟರು ಪಥ್ಯ ಹೇಳುವ ಹಾಗೆ ಹೇಳಿದ. ಹೇಗೂ ಲಾಂಗ್ ವೀಕೆಂಡ್ ಬಂತಲ್ಲ, ಇಲ್ಲಿಗೇ ತನ್ನಿ ಎಂದ. ‘ಭಾವ, ಬರುವಾಗ ಅದರ ಬಾಕ್ಸೂ ತಗೊಂಡು ಬನ್ನಿ. ನೀವು ಇಟ್ಟೇ ಇರ್ತೀರ, ನಂಗೊತ್ತು.’ ಅದು ನಿಜ. ನಾನು ಕೊಂಡ ಯಾವ ವಸ್ತುವಿನ ಪೆಟ್ಟಿಗೆಯನ್ನೂ ಎಸೆದವನಲ್ಲ. ಟೋಸ್ಟರಿನಿಂದ ಹಿಡಿದು ಟೀವಿಯವರೆಗೆ ಎಲ್ಲದರ ಪೆಟ್ಟಿಗೆ, ಥರ್ಮೋಕೋಲ್ ಸಮೇತ ಗ್ಯಾರೇಜಿನಲ್ಲಿದೆ. ಅದರಿಂದಾಗಿ ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ನನ್ನ ಈ ಗುಣ ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ವಸುಧಾಗೆ ಹೇಳುತ್ತಲೇ ಬಂದಿದ್ದೆ. ಆ ದಿನ ಬಂದದ್ದಕ್ಕೆ ಅಂಥ ಪರಿಸ್ಥಿತಿಯಲ್ಲೂ ಸ್ವಲ್ಪ ಹೆಮ್ಮೆಯಾಯಿತು.

ಮೆಲ್ಬರ್ನಿಗೆ ವಿಮಾನದಲ್ಲಿ ಹೋದರೆ ಒಂದೂವರೆ ಗಂಟೆ. ಆದರೆ ಏರ್‌ಪೋರ್ಟಿನಲ್ಲಿ ಬ್ಯಾಗಿನ ಮೇಲೆ ಅದೇನೋ ಕಿರಣ ಬಿಡುತ್ತಾರಲ್ಲ, ಅದರಿಂದ ಮೇಡಮ್ಮಿಗೆ ಏನಾದರೂ ಆದರೆ ಎಂದಳು ವಸುಧಾ. ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಏನಾದರೂ ಗೊತ್ತಿದೆ ಎಂದು ಹೇಳುವ ಹಕ್ಕನ್ನು ನಾನು ಕಳೆದುಕೊಂಡಿದ್ದೆ. ಕಾರಿನಲ್ಲೇ ಹೊರಟೆವು, ಒಂಬೈನೂರು ಕಿಲೋಮೀಟರ್. ವಸುಧಾ ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಡಿಸ್ಕ್ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ರಸ್ತೆ ಸ್ವಲ್ಪ ಕುಲುಕಿದರೂ ‘ಮೆಲ್ಲಗೆ’ ಅನ್ನುವಳು. ಎ.ಸಿ. ಹಾಕಲು ಹೋದರೆ ಬೇಡ ಎಂದಳು, ಕಾರಣ ಕೇಳಲು ನನಗೆ ಧೈರ್ಯವಾಗಲಿಲ್ಲ. ದಾರಿಯಲ್ಲಿ ಆಲ್ಬರಿ ಎಂಬ ಊರಲ್ಲಿ ಕಾರು ನಿಲ್ಲಿಸಿ ಪುಳಿಯೋಗರೆ ತಿನ್ನುವಾಗಲೂ ಅದು ಅವಳ ಮಡಿಲಲ್ಲೇ ಇತ್ತು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ದೂರ ಒಂದೂ ಜಗಳವಿಲ್ಲದೆ ಪ್ರಯಾಣ ಮಾಡಿದ್ದು ಅದೇ ಮೊದಲು. ಹಿಂದಿನ ಸೀಟಿನಲ್ಲಿದ್ದ ಮೇಘಾಗೇ ಅದು ವಿಚಿತ್ರವಾಗಿ ಕಂಡು ನಮಗೆ ಹುಷಾರಿಲ್ಲವೇ ಎಂದು ಎರಡು ಸಲ ವಿಚಾರಿಸಿದಳು.

ಕ್ರಾನ್‌ಬರ್ನ್‌ನಲ್ಲಿ ಗುರು ಕಾಫಿ ಕೊಟ್ಟು, ಕೈ ತೊಳೆದು ಬಂದು, ಊಟದ ಮೇಜಿನ ಮೇಲೆ ಟವೆಲ್ ಹಾಸಿದ. ಡಿಸ್ಕಿನ ಜೊತೆ ನಾನು ತಂದಿದ್ದ ವಯರನ್ನು ಎತ್ತಿ ನೋಡಿದ. ‘ಇದು ಯಾವುದು?’ ಎಂದ. ಹಳೇ ಕ್ಯಾಮೆರಾದ್ದು, ಸರಿಯಾಗಿ ಕೂರುತ್ತದೆ ಎಂದೆ. ಅವನು ಡಿಸ್ಕಿನ ಪೆಟ್ಟಿಗೆ ತೆರೆದ. ಪುಸ್ತಿಕೆ ತೆಗೆದ, ರಟ್ಟು ಎತ್ತಿದ. ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ, ಕಟ್ಟಿದ ತಂತಿಯನ್ನೂ ಬಿಚ್ಚದೆ, ಫಳಫಳ ಹೊಳೆಯುತ್ತ ಡಿಸ್ಕಿನ ಸ್ವಂತ ವಯರು ಮಲಗಿತ್ತು. ಒಂದು ತುದಿ ಡಿಸ್ಕಿಗೆ, ಇನ್ನೊಂದು ಕಡೆ ಒಂದಲ್ಲ, ಎರಡು ಪ್ಲಗ್.

‘ಭಾವ, ಇದನ್ನ ಯಾಕೆ ಹಾಕಿಲ್ಲ?’

ಹೊಸದು, ಹಾಳಾಗುತ್ತದಲ್ಲ ಎಂದೆ. ಅವನು ನಕ್ಕುಬಿಟ್ಟ.

ಇದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಹೊಸದನ್ನು ತೆಗೆದಿಟ್ಟು ಹಳೆಯದರಲ್ಲಿ ಕೆಲಸ ಸಾಗಿಸುವುದು ನಾವು ಬೆಳೆದುಬಂದ ಕ್ರಮ. ನಮ್ಮ ಮನೆಯಲ್ಲಿ ಒಂದು ಡಿನ್ನರ್ ಸೆಟ್ ಇತ್ತು, ಯಾರೋ ದೊಡ್ಡವರು ಬಂದಾಗ ತೆಗೆಯಲು. ಅಷ್ಟು ದೊಡ್ಡವರು ಯಾರೂ ಬರಲೇ ಇಲ್ಲ. ಅಪ್ಪ ಟೀವಿಯ ರಿಮೋಟನ್ನು ಅದು ಬಂದ ಪ್ಲಾಸ್ಟಿಕ್ಕಿನಲ್ಲೇ ಒತ್ತಿ ಒತ್ತಿ, ಪ್ಲಾಸ್ಟಿಕ್ಕು ಹರಿದಾಗ ಬೇರೆ ಪ್ಲಾಸ್ಟಿಕ್ ಹಾಕಿದವರು. ನಾನೂ ಕಾರು ಕೊಂಡ ಮೇಲೆ ಹತ್ತು ತಿಂಗಳು ಸೀಟಿನ ಕವರ್ ತೆಗೆದಿರಲಿಲ್ಲ, ಬೇಸಿಗೆಯಲ್ಲಿ ಕೂತು ಎದ್ದರೆ ಅದೂ ನಮ್ಮ ಜೊತೆಗೆ ಏಳುತ್ತಿತ್ತು. ಹಾಗಿರುವಾಗ ಮೊದಲ ದಿನವೇ ಹೊಸ ವಯರ್ ಬಿಚ್ಚಿ ಬಳಸಲು ಮನಸ್ಸಾದರೂ ಹೇಗೆ ಬಂದೀತು? ಎರಡು ಪ್ಲಗ್ ಇದ್ದದ್ದನ್ನು ಕಂಡಿದ್ದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಕಂಪನಿಯವರೇ ಸ್ಪೇರ್ ಕೊಟ್ಟಿದ್ದಾರೆ, ನಮ್ಮ ಹಾಗೆಯೇ ಯೋಚಿಸುವವರು ಎಂದು ಸಂತೋಷಪಟ್ಟಿದ್ದೆ. ಗುರು ಸಮಾಧಾನದಿಂದ ವಿವರಿಸಿದ. ಡಿಸ್ಕ್ ತಿರುಗಲು ಒಂದು ತೂತಿನ ಕರೆಂಟು ಸಾಲದು, ಅದಕ್ಕೇ ಎರಡು ಪ್ಲಗ್. ಹಳೆಯ ಡೆಸ್ಕ್‌ಟಾಪು ಹೇಗೋ ತಳ್ಳಿಕೊಂಡು ಹೋಗುತ್ತಿತ್ತು. ಹೊಸ ಲ್ಯಾಪ್‌ಟಾಪು ಅಷ್ಟು ಕೊಡುವುದಿಲ್ಲ, ಮೇಲೆ ನನ್ನ ಕ್ಯಾಮೆರಾದ ಬಡಕಲು ವಯರು ಬೇರೆ. ಏಳಲು ಹೋಗುವುದು, ಶಕ್ತಿ ಸಾಲದೆ ಬೀಳುವುದು, ಅದೇ ಆ ಟಿಕ್ ಟಿಕ್. ‘ಡಿಸ್ಕಿಗೆ ಏನೂ ಆಗಿಲ್ಲ ಭಾವ. ಹೊಟ್ಟೆಗೆ ಹಾಕಿಲ್ಲ, ಅಷ್ಟೆ’ ಎಂದ.

ಎರಡೂ ಪ್ಲಗ್ ಚುಚ್ಚಿದ. ದೀಪ ಹತ್ತಿತು. ಟಿಕ್ ಎನ್ನಲಿಲ್ಲ. ಗುಂಯ್ ಎಂದು ಸಣ್ಣಗೆ ಸುತ್ತತೊಡಗಿತು, ಪರದೆಯ ಮೇಲೆ ನಲವತ್ತೆರಡು ಹೆಸರೂ ಸಾಲಾಗಿ ಬಂದು ನಿಂತವು. ವಸುಧಾ ನನ್ನ ತೋಳು ಹಿಡಿದುಕೊಂಡಳು. ಕಲ್ಯಾಣಿ ಹಾಕು ಎಂದಳು ತಮ್ಮನಿಗೆ. ಶ್ರುತಿಪೆಟ್ಟಿಗೆಯ ಸ್ವರ, ಅದರ ಮೇಲೆ ಮೇಡಂ ದನಿ, ವಯಸ್ಸಾದ ಹೆಂಗಸಿನ ಗಟ್ಟಿಯಾದ ನೇರವಾದ ದನಿ. ಪಲ್ಲವಿ ಮುಗಿಯಿತು, ಅನುಪಲ್ಲವಿ ಮುಗಿಯಿತು. ಗುರುವೂ ಚಿಕ್ಕಂದಿನಲ್ಲಿ ಅಕ್ಕನನ್ನು ಪಾಠದಿಂದ ಕರೆತರಲು ಹೋಗಿ ಬಾಗಿಲಲ್ಲಿ ಕಾಯುತ್ತಿದ್ದವನು, ಅವನ ಕಣ್ಣೂ ತುಂಬಿತ್ತು. ಚರಣ ಬಂತು. ಎರಡನೇ ಸಾಲಿನಲ್ಲಿ ಮೇಡಂ ಒಂದು ಸಂಗತಿಯನ್ನು, ಅಂದರೆ ಅದೇ ಸಾಲಿನ ಬೆಡಗಿನ ತಿರುವೊಂದನ್ನು, ಎತ್ತಿಕೊಂಡು ಮೇಲಕ್ಕೆ ಹೋಗುತ್ತಿದ್ದಾರೆ, ಅಷ್ಟರಲ್ಲಿ ಯಾರೋ ಒಬ್ಬರು ಘೋರವಾಗಿ ಕೆಮ್ಮಿದರು. ಮೊದಲು ಎರಡು ಚಿಕ್ಕದು, ಆಮೇಲೆ ಒಂದು ಉದ್ದನೆಯದು.

ಮೂರೂ ಜನ ನನ್ನ ಕಡೆ ನೋಡಿದರು, ಮೇಘಾ ಸೇರಿದಂತೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಹಾಕಲು ಒಂದು ವಯರು ಬೇಕಿತ್ತು, ಅದನ್ನು ಕೊಳ್ಳುವ ಬದಲು ನಾನು ಟೇಪ್ ರೆಕಾರ್ಡರಿನ ಮುಂದೆ ಒಂದು ಸಣ್ಣ ಮೈಕ್ ಇಟ್ಟು, ಅದೇ ರೂಮಿನಲ್ಲಿ ಪೇಪರ್ ಓದುತ್ತ ಕೂತಿದ್ದೆ. ಆ ಚಳಿಗಾಲ ನನಗೆ ಕೆಮ್ಮಿತ್ತು. ಒಂದೊಂದಾಗಿ ಕೇಳುತ್ತ ಹೋದೆವು. ತೋಡಿಯಲ್ಲಿ ನಮ್ಮ ಕುಕ್ಕರ್ ಮೂರು ಸಲ ಕೂಗಿತ್ತು. ಮೋಹನದಲ್ಲಿ ಮೇಘಾ ಬಂದು ಬಿಸ್ಕೆಟ್ ಕೇಳಿದ್ದಳು. ಆರಭಿಯ ಕೊನೆಯಲ್ಲಿ ನಾನು ನಿದ್ದೆ ಹೋಗಿದ್ದೆ. ಗುರು ಕಿವಿಗೊಟ್ಟು ಕೇಳಿ, ‘ಭಾವ, ಗೊರಕೆ ಶ್ರುತಿಗೆ ಸೇರಿದೆ’ ಎಂದ. ಕಲ್ಯಾಣಿಯ ಆ ಜಾಗಕ್ಕೆ ಅವನು ಮತ್ತೆ ಹೋಗಿ ಮೂರು ಸಲ ಹಾಕಿದ, ಕೆಮ್ಮಿನ ಕೆಳಗೆ ಮೇಡಂ ಹಾಡಿದ್ದು ಕೇಳಲೇ ಇಲ್ಲ. ಕೆಮ್ಮನ್ನು ಕತ್ತರಿಸಬಹುದು, ಆದರೆ ಆ ಸಂಗತಿಯೂ ಅದರ ಜೊತೆಗೇ ಹೋಗುತ್ತದೆ ಎಂದ. ಆಗ ವಸುಧಾ, ಕಣ್ಣು ಮುಚ್ಚಿ, ತನ್ನಷ್ಟಕ್ಕೆ ತಾನೇ ಎಂಬಂತೆ ಆ ಸಾಲನ್ನು ಹಾಡಿದಳು. ಒಮ್ಮೆಗೇ ಬಂತು. ‘ಇಲ್ಲಿ ಹೀಗೆ ಬರತ್ತೆ’ ಎಂದು ತನಗೇ ಹೇಳಿಕೊಂಡಳು. ಅದು ತನ್ನಲ್ಲಿ ಇದೆ ಎಂದು ಅವಳಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ನನ್ನ ಮುಖ ನೋಡಿ ನಗಲು ಶುರುಮಾಡಿದವಳು ಐದು ನಿಮಿಷ ನಿಲ್ಲಿಸಲಿಲ್ಲ. ಏನನ್ನೂ ಕತ್ತರಿಸಬೇಡ, ಇರುವ ಹಾಗೇ ಇರಲಿ ಎಂದಳು. ಗುರು ಮೂರು ಪ್ರತಿ ಮಾಡಿ ಮೂರು ಬೇರೆ ಬೇರೆ ಕಡೆ ಇಟ್ಟ, ಯಾವ ಭಾಷಣವನ್ನೂ ಮಾಡಲಿಲ್ಲ.

ವಿಜಯದಶಮಿಗೆ ಪಾಠ ಶುರುವಾಯಿತು. ಮನೆಯಲ್ಲಿ ಅಭ್ಯಾಸಕ್ಕೆಂದು ಆರೂ ಮಕ್ಕಳಿಗೆ ಸಿಡಿ ಮಾಡಿಕೊಟ್ಟೆವು. ಆ ಸಂಗತಿಯನ್ನು ವಸುಧಾ ಹಾಡಿ ಹೇಳಿಕೊಟ್ಟಳು, ಕೆಮ್ಮಿನ ಕಡೆ ಗಮನ ಕೊಡಬೇಡ್ರಮ್ಮ ಎಂದೂ ಹೇಳಿದಳು. ಐದು ಜನ ಕೇಳಿದರು. ಪಾಟೀಲರ ಮಗಳು ಶ್ರೇಯಾ ಮಾತ್ರ ಶ್ರದ್ಧೆಯ ಹುಡುಗಿ, ಮೇಡಂ ಹಾಡಿದ್ದರಲ್ಲಿ ಕೂದಲೆಳೆಯಷ್ಟೂ ಬದಲಾಗಬಾರದು ಎನ್ನುವವಳು. ಸಂಗತಿ ಹಾಡಿದ ಮೇಲೆ ತಾಳ ತಪ್ಪದೆ ಎರಡು ಚಿಕ್ಕದು, ಒಂದು ಉದ್ದದ್ದು ಕೆಮ್ಮಿ ಮುಂದಕ್ಕೆ ಹೋಗುವಳು. ಎಷ್ಟು ಹೇಳಿದರೂ ಬಿಡಲಿಲ್ಲ. ಇಲ್ಲಿನ ಕನ್ನಡಿಗರ ಯುಗಾದಿ ಕಾರ್ಯಕ್ರಮಕ್ಕೆ ಅವಳೊಬ್ಬಳೇ ಹಾಡುವುದೆಂದಾಯಿತು. ಮುನ್ನೂರು ಜನರ ಮುಂದೆ ಬಹಳ ಚೆನ್ನಾಗಿ ಹಾಡಿದಳು, ಮುಂದಿನ ಸಾಲಿನಲ್ಲಿ ನಾನೂ ಪಾಟೀಲರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಚರಣದ ಎರಡನೇ ಸಾಲು ಬಂತು. ಕೆಮ್ಮಿದಳು. ಅಚ್ಚುಕಟ್ಟಾಗಿ, ಮೈಕಿನಲ್ಲಿ, ತಾಳದ ಸಮಕ್ಕೆ ಸರಿಯಾಗಿ ಬಂದು ಸೇರಿದಳು.

ಮುಗಿದ ಮೇಲೆ ಸಂಗೀತ ಬಲ್ಲ ಹಿರಿಯರೊಬ್ಬರು ನಮ್ಮ ಹತ್ತಿರ ಬಂದು, ಎಲ್ಲ ಸೊಗಸಾಗಿತ್ತು, ಪಾಪ ಮಗುವಿಗೆ ನೆಗಡಿಯೇ ಎಂದು ಕೇಳಿದರು. ‘ನೋ ಅಂಕಲ್, ಇಟ್ಸ್ ಇನ್ ದ ಸಾಂಗ್’ ಎಂದಳು ಶ್ರೇಯಾ. ಅವರು ವಸುಧಾಳ ಕಡೆ ತಿರುಗಿದರು.

‘ಹೌದು ಅಂಕಲ್,’ ಎಂದಳು ವಸುಧಾ ಮುಖದಲ್ಲಿ ಏನನ್ನೂ ತೋರಿಸದೆ. ‘ಮಿಕ್ಕಿದ್ದೆಲ್ಲ ನಮ್ಮ ಮೇಡಂ ಪಾಠಾಂತರ. ಅದಷ್ಟು ಮಾತ್ರ ನಮ್ಮನೆಯವರದು.’

ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ಗೌರವದಿಂದ ನೋಡಿ, ತಾವು ಯಾರ ಹತ್ತಿರ ಅಭ್ಯಾಸ ಮಾಡಿದ್ದು ಎಂದು ವಿಚಾರಿಸಿದರು. ನಾನು ಉತ್ತರ ಹೇಳೋಣವೆಂದು ಬಾಯಿ ತೆರೆದೆ, ಆ ಹಾಳು ಕೆಮ್ಮೇ ಮೊದಲು ಬಂತು. ಶ್ರೇಯಾ ತೊಡೆಯ ಮೇಲೆ ತಾಳ ಹಾಕಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದಳು.